ವಯಸ್ಸಾದ ನಾಯಿಗಳಿಗೆ ಮನೆ ಹುಡುಕುತ್ತಾ: ಜುಲೈಯಿಂದ ನವೆಂಬರ್‌ವರೆಗೆ

ಜುಲೈ

ಈ ಸಲ ಮನೆ ಬೇಕಾಗಿರುವುದು ಮೂರು ನಾಯಿಗಳಿಗೆ. ಲ್ಯಾಬ್ರಡಾರ್ ಹೆಣ್ಣು ಬ್ರೌನಿ, ಬೀದಿಯಲ್ಲೇ ಬೆಳೆದ ರಾಜ, ಮುಧೋಳ ತಳಿಯ ಗಂಡು ಬಾಣ. ಮೂವರೂ ಕನಕಪುರ ರಸ್ತೆ ಕಡೆಯ ಒಂದು ಶೆಲ್ಟರಿನಲ್ಲಿದ್ದಾರೆ. ಅಲ್ಲಿಗೆ ಬರುವ ಮರಿಗಳನ್ನು ಕೇಳಿಕೊಂಡು ಜನ ತಾವಾಗಿಯೇ ಬರುತ್ತಾರೆ. ಮೂತಿ ಬೆಳ್ಳಗಾದ ನಾಯಿಗಳ ಮುಂದೆ ಯಾರೂ ನಿಲ್ಲುವುದಿಲ್ಲ. ಅದಕ್ಕೇ ನಾನೂ ಇಬ್ಬರು ಗೆಳತಿಯರೂ ವಾರದ ಕೊನೆಯಲ್ಲಿ ಈ ಹಿರಿಯರ ಕೆಲಸವನ್ನಷ್ಟೇ ಹಚ್ಚಿಕೊಂಡಿದ್ದೇವೆ.

ಬ್ರೌನಿಯನ್ನು ಯಾರೋ ರಾತ್ರಿ ಒಂದು ಕ್ಲಿನಿಕ್ಕಿನ ಗೇಟಿಗೆ ಕಟ್ಟಿ ಹೋಗಿದ್ದರು. ಕತ್ತಿನಲ್ಲಿ ಒಳ್ಳೆಯ ಬೆಲ್ಟ್ ಇತ್ತು. 'ಕೂತ್ಕೋ' ಅಂದರೆ ಕೂರುತ್ತಿದ್ದಳು, ಕೈ ಚಾಚಿದರೆ ಕಾಲು ಕೊಡುತ್ತಿದ್ದಳು. ಮನೆಯೊಳಗೇ ಬೆಳೆದವಳು ಅಂತ ಗೊತ್ತಾಗಲು ಇಷ್ಟು ಸಾಕಲ್ವಾ? ಸಾಕಿದ ಪ್ರಾಣಿಯನ್ನು ಹೀಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಆ ಕಾಯ್ದೆಯಲ್ಲಿ ಮೊದಲ ಸಲದ ಅಪರಾಧಕ್ಕೆ ಬರೆದಿರುವ ದಂಡ 10ರಿಂದ 50 ರೂಪಾಯಿ! ಅದನ್ನು ನೆನೆದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಮನೆ ಹುಡುಕುವ ಮೊದಲು ಪ್ರತಿ ನಾಯಿಗೂ ಒಂದು ಹಾಳೆ ಬರೆಯುತ್ತೇವೆ. 'ಪಾಪ, ಇದಕ್ಕೆ ಯಾರೂ ಇಲ್ಲ' ಅಂತ ಅದರಲ್ಲಿ ಬರೆಯುವುದಿಲ್ಲ. ಹಾಗೆ ಬರೆದರೆ ಫೋನ್ ಜಾಸ್ತಿ ಬರುತ್ತವೆ, ಆದರೆ 'ಅಯ್ಯೋ' ಅಂದವರಲ್ಲಿ ಹೆಚ್ಚಿನವರು ನೋಡಲೂ ಬರುವುದಿಲ್ಲ. ನಾವು ಬರೆಯುವುದು ನಾಯಿಯ ದಿನಚರಿ. ಬ್ರೌನಿಯ ಹಾಳೆ ಹೀಗಿದೆ:

'ವಯಸ್ಸು ಸುಮಾರು 10. ಬೆಳಿಗ್ಗೆ ಆರೂವರೆಗೆ ಏಳುತ್ತಾಳೆ, ಎದ್ದ ಕೂಡಲೇ ಹೊರಗೆ ಹೋಗಬೇಕು. ಇಪ್ಪತ್ತು ನಿಮಿಷ ನಿಧಾನಕ್ಕೆ ನಡೆದರೆ ಸಾಕು. ಮೆಟ್ಟಿಲು ಬೇಡ. ಮಧ್ಯಾಹ್ನ ಪೂರ್ತಿ ನಿದ್ದೆ, ಗೊರಕೆ ಉಂಟು. ಮಕ್ಕಳೆಂದರೆ ಇಷ್ಟ, ಬೆಕ್ಕನ್ನು ಕಂಡರೆ ಆಗದು. ಸೊಂಟದ ಕೀಲು ಸವೆದಿದೆ, ದಿನಾ ಮಾತ್ರೆ ಬೇಕು. ಗುಡುಗಿಗೆ ಹೆದರುತ್ತಾಳೆ, ಆಗ ಮಂಚದ ಕೆಳಗೆ ಸೇರಿಕೊಳ್ಳಲು ಬಿಡಿ.'

ಇದನ್ನು ಓದಿದವರು 'ನಮ್ಮ ದಿನವೂ ಹೀಗೇ ಇದೆಯಲ್ಲ' ಅಂದುಕೊಳ್ಳಬೇಕು. ವಯಸ್ಸಾದ ನಾಯಿಯಲ್ಲಿ ಇದೊಂದು ದೊಡ್ಡ ಅನುಕೂಲ. ಮರಿ ಮುಂದೆ ಹೇಗೆ ಬೆಳೆಯುತ್ತದೋ ಯಾರಿಗೂ ಗೊತ್ತಿಲ್ಲ. ಇವಳು ಎಂಥವಳು ಅಂತ ಇವತ್ತೇ ಹೇಳಬಹುದು.

ಆಗಸ್ಟ್

ತಿಂಗಳೆಲ್ಲ ಆಸ್ಪತ್ರೆ ಓಡಾಟ. ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಮೂವರಿಗೂ ರಕ್ತ ಪರೀಕ್ಷೆ, ಕಿಡ್ನಿ, ಲಿವರ್, ಮೂತ್ರ ಎಲ್ಲ ಆಯಿತು. ಮೂತ್ರ ಪರೀಕ್ಷೆಯನ್ನು ನಾವು ಬಿಡುವುದೇ ಇಲ್ಲ. ಕಿಡ್ನಿ ಬಹುಪಾಲು ಸೋತ ಮೇಲೇ ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ ಏರುವುದು. ಅದಕ್ಕೂ ಮೊದಲೇ ಸುಳಿವು ಸಿಗಬೇಕೆಂದರೆ ಮೂತ್ರವನ್ನೇ ನೋಡಬೇಕು.

ಬ್ರೌನಿಗೆ ಆಪರೇಷನ್ ಆಗಿರಲಿಲ್ಲ. ಸಂತಾನಹರಣ ಆಗದ ಹೆಣ್ಣು ನಾಯಿಗಳಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವುದುಂಟು. ಡಾಕ್ಟರುಗಳು ಅದಕ್ಕೆ ಪಯೋಮೆಟ್ರಾ ಅನ್ನುತ್ತಾರೆ. ತುಂಬಾ ನೀರು ಕುಡಿಯುವುದು, ಊಟ ಬಿಡುವುದು, ಮಂಕಾಗುವುದು ಅದರ ಲಕ್ಷಣಗಳು. ತಡ ಮಾಡಿದರೆ ಜೀವಕ್ಕೇ ಸಂಚಕಾರ. ಸ್ಕ್ಯಾನಿಂಗಿನಲ್ಲಿ ಸದ್ಯ ಏನೂ ಕಾಣಲಿಲ್ಲ. ಎದೆಯ ಎಕ್ಸ್‌ರೇ ನೋಡಿ, ಅನಸ್ತೇಸಿಯಾ ತಡೆದುಕೊಳ್ಳುತ್ತಾಳೆ ಅಂತ ಖಚಿತವಾದ ಮೇಲೆ ಆಪರೇಷನ್ ಮಾಡಿಸಿದೆವು. ಹೊಲಿಗೆ ಬಿಚ್ಚುವವರೆಗೂ ಗೆಳತಿಯ ಮನೆಯಲ್ಲೇ ಇದ್ದಳು.

ರಾಜನಿಗೆ ಉಣ್ಣೆ ಹುಳ ಕಚ್ಚಿ ಬರುವ ಜ್ವರ. ಪ್ಲೇಟ್‌ಲೆಟ್ ಬಹಳ ಇಳಿದಿದ್ದವು. ಡಾಕ್ಸಿಸೈಕ್ಲಿನ್ ಒಂದು ತಿಂಗಳ ಕೋರ್ಸು. ಹಲ್ಲಿನ ಮೇಲೆ ಹಳದಿ ಗಾರೆ ಕಟ್ಟಿತ್ತು, ಎರಡು ದವಡೆ ಹಲ್ಲು ಅಲ್ಲಾಡುತ್ತಿದ್ದವು. ಜ್ವರ ಪೂರ್ತಿ ಇಳಿದ ಮೇಲೆ ಹಲ್ಲು ಕ್ಲೀನ್ ಮಾಡಿಸಿ, ಆ ಎರಡನ್ನೂ ತೆಗೆಸಿದೆವು. ಮುಟ್ಟಿದರೆ ಗುರ್ರೆನ್ನುತ್ತಿದ್ದವನು ಈಗ ತಾನೇ ಬಂದು ತೊಡೆಗೆ ತಲೆ ಒರಗಿಸುತ್ತಾನೆ. ಇಷ್ಟು ದಿನ ಅವನನ್ನು 'ಸಿಡುಕ' ಅಂತ ಕರೆಯುತ್ತಿದ್ದರು. ಪಾಪ, ಇದ್ದದ್ದು ಹಲ್ಲುನೋವು.

ರಾಜನ ಕಣ್ಣು ನೀಲಿ ನೀಲಿ ಕಾಣುತ್ತದೆ. ನೋಡಿದವರೆಲ್ಲ 'ಪೊರೆ ಬಂದಿದೆ ಅಲ್ವಾ?' ಅಂತ ಕೇಳುತ್ತಾರೆ. ಪೊರೆ ಅಲ್ಲ. ವಯಸ್ಸಾದಂತೆ ಕಣ್ಣಿನ ಲೆನ್ಸ್ ಗಟ್ಟಿಯಾಗಿ ಹಾಗೆ ಕಾಣುತ್ತದೆ, ನೋಟಕ್ಕೆ ಅಷ್ಟೇನೂ ತೊಂದರೆ ಆಗುವುದಿಲ್ಲ. ಡಾಕ್ಟರ್ ಪರೀಕ್ಷೆ ಮಾಡಿ ಹೇಳಿದ್ದನ್ನು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೇವೆ.

ಸೆಪ್ಟೆಂಬರ್

ಫೋನುಗಳು ಶುರುವಾದವು. 'ತೋಟ ಕಾಯೋಕೆ ಬೇಕು' ಅಂದವರಿಗೆ ಇಲ್ಲ ಅಂದೆವು. ಕಾಲುನೋವಿನ ನಾಯಿಯನ್ನು ತೋಟದಲ್ಲಿ ಕಟ್ಟಿಹಾಕಲು ನಾವು ಕೊಡುವುದಿಲ್ಲ. ಬಾಡಿಗೆ ಮನೆಯವರಾದರೆ ಓನರ್ ಒಪ್ಪಿಗೆ ಬರಹದಲ್ಲಿ ಬೇಕು. ಅಪಾರ್ಟ್‌ಮೆಂಟಿನವರು 'ಅಸೋಸಿಯೇಷನ್ ಬಿಡಲ್ಲ' ಅಂದಾಗ, ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರತಿ ಕಳಿಸುತ್ತೇವೆ. ನಾಯಿ ಸಾಕಬಾರದು ಅಂತ ಅಸೋಸಿಯೇಷನ್ ನಿಷೇಧ ಹಾಕುವಂತಿಲ್ಲ ಅಂತ ಅದರಲ್ಲಿದೆ. ಮಂಡಿನೋವಿನ ನಾಯಿಗೆ ಲಿಫ್ಟ್ ಬೇಕೇ ಬೇಕು, ಹಾಗಾಗಿ ಲಿಫ್ಟಿನ ಮಾತನ್ನೂ ಮೊದಲೇ ಆಡಿಬಿಡುತ್ತೇವೆ.

ನನಗೆ ತುಂಬಾ ಖುಷಿ ಕೊಟ್ಟದ್ದು ಗಿರಿನಗರದ ಒಂದು ಮನೆ. ರಿಟೈರ್ ಆದ ಮೇಷ್ಟ್ರು, ಅವರ ಶ್ರೀಮತಿ, ಜೊತೆಗೆ ಮೇಷ್ಟ್ರ ತಾಯಿ. ಬ್ರೌನಿಯ ಹಾಳೆ ಓದಿ ಫೋನ್ ಮಾಡಿದ್ದರು. ನೆಲಮಹಡಿ, ಮುಂದೆ ಪುಟ್ಟ ಅಂಗಳ. ಎಲ್ಲ ಸರಿಯಿತ್ತು, ಮಾತಿನ ಮಧ್ಯೆ ಶ್ರೀಮತಿಯವರು 'ಮಗಳು ಅಮೆರಿಕದಲ್ಲಿದ್ದಾಳಮ್ಮ, ಫೆಬ್ರವರಿಗೆ ಬಾಣಂತನಕ್ಕೆ ಹೋಗಬೇಕು' ಅಂದರು.

ಬೆಂಗಳೂರಿನಲ್ಲಿ ಇದು ಮನೆಮನೆಯ ಕತೆ. ಹೋದರೆ ಐದಾರು ತಿಂಗಳು. ವಯಸ್ಸಾದ ನಾಯಿಗೆ ಅತ್ಯಂತ ಒಳ್ಳೆಯ ಮನೆ ಅಂದರೆ ಹಗಲೆಲ್ಲ ಜನ ಇರುವ ಹಿರಿಯರ ಮನೆ. ಆ ಮನೆಗಳೇ ವರ್ಷದಲ್ಲಿ ಅರ್ಧ ಕಾಲ ಬೀಗ ಹಾಕಿರುತ್ತವೆ. ಹಾಗಂತ ಅವರನ್ನು ಬಿಟ್ಟುಬಿಟ್ಟರೆ ನಮಗೆ ಉಳಿಯುವುದು ಯಾರು? ಅದಕ್ಕೇ ನಮ್ಮ ದತ್ತು ಪತ್ರದಲ್ಲಿ 'ಎರಡನೇ ಹೆಸರು' ಅಂತ ಒಂದು ಸಾಲು ಸೇರಿಸಿದ್ದೇವೆ. ಮನೆಯವರು ಊರಲ್ಲಿಲ್ಲದಾಗ, ಆಸ್ಪತ್ರೆ ಸೇರಿದಾಗ, ಅಥವಾ ಅವರಿಗೇ ಏನಾದರೂ ಆದರೆ ನಾಯಿಯನ್ನು ನೋಡಿಕೊಳ್ಳುವವರ ಹೆಸರು ಅದು. ಅವರೂ ಬಂದು ನಾಯಿಯನ್ನು ನೋಡಿ ಸಹಿ ಹಾಕಬೇಕು. ಮೇಷ್ಟ್ರು ಅದೇ ಬೀದಿಯಲ್ಲಿರುವ ತಮ್ಮನ ಮಗನನ್ನು ಕರೆಸಿದರು. ಅವನು ಬಂದವನೇ ನೆಲದ ಮೇಲೆ ಕೂತ. ಬ್ರೌನಿ ಹೋಗಿ ಅವನ ಪಕ್ಕ ಮಲಗಿದಳು. 'ನಂದೇನೂ ತಕರಾರಿಲ್ಲ ದೊಡ್ಡಪ್ಪ' ಅಂದ.

ಮನೆಯಲ್ಲಿ ಎರಡು ಬದಲಾವಣೆ ಮಾಡಿಸಿದೆವು. ಹಾಲಿನ ತುಂಬಾ ವಿಟ್ರಿಫೈಡ್ ಟೈಲ್ಸ್. ಅದರ ಮೇಲೆ ಸವೆದ ಸೊಂಟದ ನಾಯಿ ಏಳಲು ಹೋದರೆ ಹಿಂದಿನ ಕಾಲುಗಳು ಅಗಲಕ್ಕೆ ಜಾರುತ್ತವೆ. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ರಬ್ಬರ್ ಮ್ಯಾಟ್ ಹಾಸಿದೆವು. ಪಾದದ ಬೆರಳ ಸಂದಿಯ ಕೂದಲು ಕತ್ತರಿಸಿ, ಉಗುರು ಮೊಟಕು ಮಾಡಿದೆವು. ಎರಡನೆಯದು ಅಡುಗೆಮನೆ. ಅಜ್ಜಿಗೆ ಕೈ ತುಂಬಾ ಕೊಡುವ ಅಭ್ಯಾಸ. ಈರುಳ್ಳಿ, ಬೆಳ್ಳುಳ್ಳಿ ಬಿದ್ದದ್ದು ಬೇಡ, ಕೇಸರಿಭಾತಿನ ಒಣದ್ರಾಕ್ಷಿ ಅಂತೂ ಬೇಡವೇ ಬೇಡ, ನಾಯಿಯ ಕಿಡ್ನಿಗೆ ಅದು ವಿಷ ಅಂತ ಕೂತು ಹೇಳಿದೆ. ಅಜ್ಜಿ ಗಮನವಿಟ್ಟು ಕೇಳಿ, 'ಸೌತೆಕಾಯಿ ಕೊಡಬಹುದೇನೇ?' ಅಂದರು. ಧಾರಾಳವಾಗಿ ಕೊಡಿ ಅಂದೆ. ಅವರದ್ದು ಸಸ್ಯಾಹಾರಿ ಮನೆ. ಬರೀ ಮೊಸರನ್ನ ಸಾಲದು, ಚೀಲದ ಡಾಗ್ ಫುಡ್ ತರಬೇಕು ಅಂದಾಗ ಒಪ್ಪಿದರು. ಮನುಷ್ಯರ ನೋವಿನ ಮಾತ್ರೆ ಯಾವತ್ತೂ ಕೊಡಬೇಡಿ ಅಂತಲೂ ಬರೆದುಕೊಟ್ಟೆವು. ಐಬುಪ್ರೊಫೆನ್‌ನಂಥದ್ದು ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳುಮಾಡುತ್ತದೆ.

ಕೀಲುನೋವಿನ ಮಾತ್ರೆಯ ಖರ್ಚು ನಮ್ಮ ಗುಂಪಿನದ್ದು. ಮೇಷ್ಟ್ರು ಬೇಡ ಅಂದರು, ನಾವು ಬಿಡಲಿಲ್ಲ. ಪೆನ್ಷನ್ ಮನೆಗಳಲ್ಲಿ ನಾಯಿಯ ಮೇಲಿನ ಪ್ರೀತಿಗೆ ಕೊರತೆ ಇರುವುದಿಲ್ಲ, ಆಸ್ಪತ್ರೆ ಬಿಲ್ಲಿನ ಭಯ ಮಾತ್ರ ಇರುತ್ತದೆ. ಆ ಭಯ ತೆಗೆದರೆ ಎಷ್ಟೋ ಬಾಗಿಲು ತೆರೆಯುತ್ತವೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಅಕ್ಟೋಬರ್

ಬ್ರೌನಿ ಮೇಷ್ಟ್ರ ಮನೆಗೆ ಹೋದಳು. ಮೊದಲ ದಿನಗಳಲ್ಲಿ ಊಟ ಮುಟ್ಟಲಿಲ್ಲ, ಬಾಗಿಲ ಬಳಿಯೇ ಕೂತಳು. ಸ್ನಾನ ಬೇಡ, ನೆಂಟರು ಬೇಡ, ಸುಮ್ನೆ ಬಿಟ್ಟುಬಿಡಿ ಅಂತ ಮೊದಲೇ ಹೇಳಿದ್ದೆವು. ವಾರದೊಳಗೆ ಅಜ್ಜಿಯ ಕುರ್ಚಿಯ ಕೆಳಗೆ ಜಾಗ ಮಾಡಿಕೊಂಡಳು. ಪಟಾಕಿ ಶುರುವಾದ ಸಂಜೆ ಒಳಕೋಣೆಯ ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ, ರೇಡಿಯೊ ಹಾಕಿ, ಮೇಷ್ಟ್ರು ಅವಳ ಜೊತೆ ನೆಲದ ಮೇಲೇ ಕೂತಿದ್ದರಂತೆ. ಡಾಕ್ಟರ್ ಬರೆದುಕೊಟ್ಟ ಮಾತ್ರೆ ಒಂದು ಗಂಟೆ ಮೊದಲೇ ಹಾಕಿದ್ದರು.

ರಾಜನ ವಿಷಯ ಸಲೀಸಾಗಿ ಮುಗಿಯಿತು. ವಿಜಯನಗರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಅಕ್ಕ ಒಬ್ಬರು ಬಂದರು, ನೋಡಿದರು, ಕರೆದುಕೊಂಡು ಹೋದರು. ಹಗಲು ಅಂಗಡಿ, ರಾತ್ರಿ ಮನೆ. ಎರಡನೇ ಹೆಸರು ಪಕ್ಕದ ಬೇಕರಿಯವರದ್ದು.

ನವೆಂಬರ್

ಬಾಣ ಇನ್ನೂ ಶೆಲ್ಟರಿನಲ್ಲೇ ಇದ್ದಾನೆ. ಮುಧೋಳ ಅಂದರೆ ಬಾಗಲಕೋಟೆ ಜಿಲ್ಲೆಯ ನಮ್ಮದೇ ತಳಿ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದದ್ದು. ಹೆಸರು ಕೇಳಿದರೆ ಎಲ್ಲರಿಗೂ ಹೆಮ್ಮೆ. ಆದರೆ ಎದುರಿಗೆ ಬಂದಾಗ 'ಇಷ್ಟು ಬಡಕಲಾಗಿದ್ದಾನಲ್ಲ, ಕಾಯಿಲೆಯಾ?' ಅನ್ನುತ್ತಾರೆ. ಕಾಯಿಲೆ ಇಲ್ಲ, ಪಕ್ಕೆಲುಬು ಕಾಣುವ ಮೈಕಟ್ಟೇ ಅವನದ್ದು. ಕೊಬ್ಬು ಕಡಿಮೆ, ಚರ್ಮ ತೆಳು. ಗಟ್ಟಿ ನೆಲದಲ್ಲಿ ಮಲಗಿ ಎರಡೂ ಮೊಣಕೈ ಹುಣ್ಣಾಗಿದ್ದವು. ದಪ್ಪ ಹತ್ತಿ ಹಾಸಿಗೆ ಹಾಕಿದ ಮೇಲೆ ಒಣಗಿವೆ. ಈಗಿನ ಚಳಿಗೆ ಬೆಳಗಿನ ಜಾವ ನಡುಗುತ್ತಾನೆ, ಸ್ವೆಟರ್ ಹಾಕಿದ್ದೇವೆ. ಎಡಗಿವಿ ಕೇಳುವುದಿಲ್ಲ, ಬಲಗಿವಿ ಅಷ್ಟಕ್ಕಷ್ಟೇ. ನೆಲ ತಟ್ಟಿದರೆ ತಿರುಗಿ ನೋಡುತ್ತಾನೆ.

ಅವನಿಗೆ ಬೇಕಾದ ಮನೆ ಹೀಗಿರಬೇಕು: ಬೆಕ್ಕು, ಕೋಳಿ ಇರಬಾರದು. ಕಾಂಪೌಂಡು ಎತ್ತರವಿರಬೇಕು, ಯಾಕೆಂದರೆ ವಯಸ್ಸಾದರೂ ಓಡುವ ಜಂತುವನ್ನು ಕಂಡರೆ ಇವನೂ ಓಡುತ್ತಾನೆ. ಮಲಗಲು ಮನೆಯೊಳಗೆ ಮೆತ್ತನೆ ಜಾಗ ಇರಬೇಕು.

ತುಮಕೂರಿನಿಂದ ಅಣ್ಣ ತಂಗಿ ಇಬ್ಬರು ಎರಡು ಸಲ ಫೋನ್ ಮಾಡಿದ್ದಾರೆ. ಅವರ ಮನೆಯಲ್ಲಿದ್ದ ಮುಧೋಳ ನಾಯಿ ಹೋದ ವರ್ಷ ತೀರಿಕೊಂಡಿತಂತೆ. ಹಳೆಯ ಹಾಸಿಗೆ ಹಾಗೇ ಇಟ್ಟಿದ್ದೇವೆ ಅಂದರು. ಎರಡನೇ ಹೆಸರು ಯಾರದ್ದು ಅಂತ ಕೇಳಿದ್ದಕ್ಕೆ ಚಿಕ್ಕಮ್ಮನ ನಂಬರ್ ಕಳಿಸಿದ್ದಾರೆ. ಭಾನುವಾರ ಬಾಣನನ್ನೂ ಕರೆದುಕೊಂಡೇ ಹೋಗುತ್ತಿದ್ದೇವೆ. ಮೊದಲು ಕಾಂಪೌಂಡ್ ನೋಡಬೇಕು, ಆಮೇಲೆ ಚಿಕ್ಕಮ್ಮನನ್ನು.