ಸಿರಿಂಜ್ ಹಿಡಿದವರ ಕೈಗೆ ಪ್ರೊಫಾರ್ಮಾ ಕೊಡಬೇಡಿ

ಸಿಸೇರಿಯನ್ ಲಿಸ್ಟ್ ಮುಗಿದ ಮೇಲೆ ನಮ್ಮ ಸ್ಟಡಿಯ ಒಂದು ಪ್ರೊಫಾರ್ಮಾ, ಅಂದರೆ ರೋಗಿಯ ಅಂಕಿ ಬರೆದಿಡುವ ಹಾಳೆ, ತಿರುವಿ ನೋಡಿದೆ. ಸ್ಪೈನಲ್ (ಬೆನ್ನಿಗೆ ಕೊಡುವ ಅರಿವಳಿಕೆ) ಆದ ಮೊದಲ 10 ನಿಮಿಷ, ನಿಮಿಷಕ್ಕೊಂದು ಬಿಪಿ ಬೇಕಿತ್ತು. ಹತ್ತೂ ಖಾನೆ ತುಂಬಿದ್ದವು: 118, 112, 106, 100, ಐದನೆಯದು 82. ಮಾನಿಟರ್‌ನ ಟ್ರೆಂಡ್ ತೆಗೆದರೆ ರೀಡಿಂಗ್ ಇದ್ದದ್ದು ಎರಡೇ. ಎನ್‌ಐಬಿಪಿ, ಅಂದರೆ ತೋಳಿನ ಕಫ್‌ನಿಂದ ಬಿಪಿ ಅಳೆಯುವ ವ್ಯವಸ್ಥೆ, 5 ನಿಮಿಷದ ಆಟೋದಲ್ಲೇ ಉಳಿದಿತ್ತು. ಮಿಕ್ಕ ಎಂಟನ್ನು ಪಿಜಿ ವಿದ್ಯಾರ್ಥಿ ನೆನಪಿನಿಂದ ಬರೆದಿದ್ದ. ಔಷಧ ಕೊಡುವುದು, ಬರೆಯುವುದು ಎರಡನ್ನೂ ಅವನೊಬ್ಬನಿಗೇ ಹಚ್ಚಿದ್ದು ನಾನು. ಆ ತಪ್ಪು ನನ್ನದು.

ಆ ನಿಮಿಷಗಳಲ್ಲಿ ಬಿಡುವೆಲ್ಲಿರುತ್ತದೆ? ಅರಿವಳಿಕೆ ಔಷಧ 0.5% ಹೆವಿ ಬುಪಿವಕೇನ್ 2 ಎಂಎಲ್, ಅಂದರೆ 10 ಮಿಗ್ರಾಂ, ಒಳಗೆ ಹೋಯಿತು. ಬಲ ಸೊಂಟದ ಕೆಳಗೆ ವೆಡ್ಜ್ (ಇಳಿಜಾರು ದಿಂಬು) ಇಟ್ಟು ಮಲಗಿಸುವಷ್ಟರಲ್ಲಿ ರಕ್ತನಾಳ ಸಡಿಲಾಗಿ ಬಿಪಿ ಜಾರತೊಡಗುತ್ತದೆ. ತಾಯಿಯ ಕೈ ನಡುಗುತ್ತಿದ್ದರೆ ಕಫ್ ಮತ್ತೆ ಮತ್ತೆ ಉಬ್ಬುತ್ತದೆ, ಅಂಕಿ ಬರುವುದಿಲ್ಲ. “ವಾಂತಿ ಬಂದಂಗಾಗ್ಲಕತ್ತದರಿ” ಎಂದು ಆಕೆ ಅಂದಾಗ ಪರದೆಯಲ್ಲಿ ಇನ್ನೂ ಹಳೆಯ ಬಿಪಿಯೇ ಕೂತಿರುತ್ತದೆ. ಆಗ ನಮ್ಮ ಕೈಯಲ್ಲಿರಬೇಕಾದದ್ದು ಬಿಪಿ ಏರಿಸುವ ಫಿನೈಲೆಫ್ರಿನ್ ಸಿರಿಂಜ್.

ಆ ಸಿರಿಂಜ್ ತುಂಬುವಾಗಲೂ ಎಚ್ಚರ ಬೇಕು. 1 ಎಂಎಲ್ ಆಂಪೂಲ್‌ನಲ್ಲಿ 10 ಮಿಗ್ರಾಂ ಇದ್ದರೆ, 100 ಎಂಎಲ್ ಸಲೈನ್‌ಗೆ ಹಾಕಿದಾಗ ಎಂಎಲ್‌ಗೆ 100 ಮೈಕ್ರೋಗ್ರಾಂ. ಅದನ್ನೇ 10 ಎಂಎಲ್ ಸಿರಿಂಜ್‌ನಲ್ಲಿ ಮಾಡಿದರೆ ಹತ್ತು ಪಟ್ಟು! ಬಿಪಿ ಮೇಲಕ್ಕೆ ಹಾರುತ್ತದೆ, ನಾಡಿ ಕುಸಿಯುತ್ತದೆ. ಸಿರಿಂಜ್‌ನಲ್ಲಿ ಏನಿದೆ ಎಂದು ಕೊಡುವವರಿಗೆ ತಿಳಿಸದ ಬ್ಲೈಂಡ್ ಸ್ಟಡಿಯಲ್ಲಿ ತುಂಬುವವರು ಬೇರೆ, ಕೊಡುವವರು ಬೇರೆ. ಹಾಗಾಗಿ ತುಂಬುವಾಗಲೇ ಎರಡನೆಯವರು ಆಂಪೂಲ್ ಓದಿ ಸಹಿ ಹಾಕಬೇಕು.

ಈಗ ನಮ್ಮಲ್ಲಿ ಬರೆಯುವವರು ಬೇರೆ, ಕೇಸಿನ ಜವಾಬ್ದಾರಿ ಅವರಿಗಿಲ್ಲ. ಸ್ಪೈನಲ್‌ಗೆ ಮುಂಚೆ ಅವರೇ ಬಿಪಿ ಅಳೆಯುವ ಸೈಕಲ್ 1 ನಿಮಿಷಕ್ಕೆ ಇಡುತ್ತಾರೆ, ಮಾನಿಟರ್ ಗಡಿಯಾರ ಸರಿಮಾಡುತ್ತಾರೆ. ರೀಡಿಂಗ್ ಬರದಿದ್ದರೆ ‘ಬಂದಿಲ್ಲ’ ಎಂದೇ ಬರೆಯುತ್ತಾರೆ. ಆ ಒಬ್ಬರನ್ನು ಹೊಂದಿಸುವುದೇ ಕಷ್ಟ. ಬಡ್ತಿಗೆ ಪೇಪರ್ ಕೇಳುವ ಆಡಳಿತ ಡ್ಯೂಟಿ ಚಾರ್ಟ್‌ನಲ್ಲಿ ಸಂಶೋಧನೆಗೆ ಒಂದು ತಾಸೂ ಬಿಡುವುದಿಲ್ಲ.

ಸ್ಟಡಿಗೆ ಸೇರಿಸಲು ರೋಗಿಯಿಂದ ಓಟಿ ಟೇಬಲ್ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಲ್ಲ. ಹಿಂದಿನ ಸಂಜೆ ವಾರ್ಡಿಗೆ ಹೋಗಿ ಕೂತು ಹೇಳಬೇಕು. ಕಲಬುರಗಿಯಲ್ಲಿ ಕನ್ನಡದ ಒಪ್ಪಿಗೆ ಹಾಳೆ ಒಂದೇ ಸಾಲದು. ಉರ್ದು ಬೇಕು, ಸೇಡಂ ಕಡೆಯವರಿಗೆ ತೆಲುಗು, ಆಳಂದ ಕಡೆಯವರಿಗೆ ಮರಾಠಿಯೂ ಬೇಕಾಗಬಹುದು. ಪ್ರತಿ ಅನುವಾದವೂ ಎಥಿಕ್ಸ್ ಕಮಿಟಿ ಮುಂದೆ ಹೋಗಬೇಕು. ಕ್ಲಿನಿಕಲ್ ಟ್ರಯಲ್‌ಗಳ ದೇಶದ ನೋಂದಣಿ ವ್ಯವಸ್ಥೆಯಾದ ಸಿಟಿಆರ್‌ಐ 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸುವ ಮುಂಚಿನ ನೋಂದಣಿಯನ್ನಷ್ಟೇ ಒಪ್ಪುತ್ತದೆ. ಆಮೇಲೆ ಓಡಾಡಿ ಪ್ರಯೋಜನವಿಲ್ಲ.

ಆ ಪ್ರೊಫಾರ್ಮಾ ಹರಿದು ಹಾಕಲಿಲ್ಲ. ಎಂಟು ಅಂಕಿಗಳ ಮೇಲೂ ಒಂದೊಂದೇ ಗೆರೆ ಎಳೆದೆವು, ಕೆಳಗಿನದು ಓದುವಂತೆ. ಪಕ್ಕದಲ್ಲಿ ‘ಅಳೆದಿಲ್ಲ’, ದಿನಾಂಕ, ಇಬ್ಬರದೂ ಸಹಿ.