ಆ ಸಾಲು ನಂದು ಅಂದಿದ್ದಕ್ಕೆ

ಹನ್ನೊಂದು ವರ್ಷದಿಂದ ನನ್ನ ಕೆಲಸ ಇನ್ನೊಬ್ಬರ ಬಾಯಿಗೆ ಮಾತು ಬರೆದುಕೊಡೋದು. ಕಂಪನಿಯ ಎಂಡಿ ಸಾಹೇಬರ ಭಾಷಣ, ಹಬ್ಬದ ಶುಭಾಶಯ, ಯಾರಾದರೂ ತೀರಿಕೊಂಡರೆ ಸಂತಾಪ, ಎಲ್ಲ ನನ್ನ ಮೇಜಿಂದಲೇ ಹೊರಡಬೇಕು.

ಎರಡನೇ ವರ್ಷ ವಾರ್ಷಿಕೋತ್ಸವದ ಭಾಷಣದಲ್ಲಿದ್ದ ಹಳಸಲು ಗಾದೆಗಳನ್ನೆಲ್ಲ ಕಿತ್ತುಹಾಕಿ, ರಾತ್ರಿ ಪಾಳಿಯಲ್ಲಿ ಲಾರಿಗೆ ಲೋಡ್ ಮಾಡೋ ಹುಡುಗರ ಬಗ್ಗೆ ನಾಲ್ಕು ಸಾಲು ಸೇರಿಸಿದ್ದೆ. ಸಾಹೇಬರು ಅದನ್ನು ಓದಿದಾಗ ಹಿಂದೆ ಕೂತಿದ್ದ ಹುಡುಗರು ಶಿಳ್ಳೆ ಹೊಡೆದರು. ನನಗೆ ತಡೆಯಲಾಗಲಿಲ್ಲ. ಊಟದ ಹೊತ್ತಲ್ಲಿ, ಕೈಯಲ್ಲಿ ಮೊಸರನ್ನದ ತಟ್ಟೆ ಹಿಡ್ಕೊಂಡೇ ಪಕ್ಕದವನಿಗೆ ಅಂದೆ: "ಆ ಸಾಲು ನಂದು ಮಾರಾಯ. ಮೊದಲ ಕರಡಲ್ಲಿ ಬೋನಸ್ ಬಗ್ಗೆ ಏನಿತ್ತು ಗೊತ್ತಾ?" ಅದನ್ನೂ ಹೇಳಿಬಿಟ್ಟೆ.

ಸೋಮವಾರದ ಹೊತ್ತಿಗೆ ಮಾತು ಮೂರನೇ ಮಹಡಿ ಮುಟ್ಟಿತ್ತು. ಯಾರೂ ಬೈಯಲಿಲ್ಲ. ನಾಲ್ಕು ತಿಂಗಳು ಒಂದು ಕರಡೂ ನನ್ನ ಕಡೆ ಬರಲಿಲ್ಲ, ಅಷ್ಟೇ. ಕ್ಯಾಂಟೀನಿನ ಬೋರ್ಡಲ್ಲಿ 'ಚಿತ್ರನ್ನ' ಅಂತಿದ್ದದ್ದನ್ನು ತಿದ್ದಿಕೊಂಡು ಕೂತಿದ್ದೆ.

ಆ ಬಿಡುವಿನಲ್ಲೇ ಎಚ್.ವೈ. ಶಾರದಾ ಪ್ರಸಾದ್ ಬಗ್ಗೆ ಓದಿದ್ದು. ಮೈಸೂರಿನ ಮಹಾರಾಜ ಕಾಲೇಜಿನ ಹುಡುಗ, 1942ರ ಚಳವಳಿಯಲ್ಲಿ ಜೈಲಿಗೆ ಹೋದವರು. ಆಮೇಲೆ ಪತ್ರಿಕೆ ಕೆಲಸ, 'ಯೋಜನಾ' ಸಂಪಾದಕತ್ವ. 1966ರಿಂದ ಇಂದಿರಾ ಗಾಂಧಿಯವರಿಗೆ ಮಾಧ್ಯಮ ಸಲಹೆಗಾರರು. ನಡುವೆ ಕೆಲವು ವರ್ಷ ಬಿಟ್ಟರೆ ರಾಜೀವ್ ಗಾಂಧಿ ಕಾಲದವರೆಗೂ ಪ್ರಧಾನಿ ಕಚೇರಿಯಲ್ಲೇ ಇದ್ದರು. ಇಂಥವರು ಪುಸ್ತಕ ಬರೆದರೆ ಏನೇನು ಹೊರಬೀಳಬೇಕು! 2003ರಲ್ಲಿ ಅವರ ಪ್ರಬಂಧಗಳ ಪುಸ್ತಕ ಬಂತು. ಹೆಸರು 'ದಿ ಬುಕ್ ಐ ವೋಂಟ್ ಬಿ ರೈಟಿಂಗ್'. ನಾನು ಬರೆಯದ ಪುಸ್ತಕ, ಅಂತ. ಎಲ್ಲರೂ ಕಾಯುತ್ತಿದ್ದ ಪುಸ್ತಕ ಬರೋದಿಲ್ಲ ಅನ್ನೋದನ್ನು ಮುಖಪುಟದ ಮೇಲೇ ಅಚ್ಚು ಹಾಕಿಸಿದ್ದರು.

ಎಲ್ಲ ಸಲಹೆಗಾರರೂ ಹೀಗಲ್ಲ ಬಿಡಿ. ಮನಮೋಹನ್ ಸಿಂಗ್ ಅವರ ಜೊತೆ 2004ರಿಂದ 2008ರವರೆಗೆ ಇದ್ದ ಸಂಜಯ ಬಾರು, 2014ರ ಚುನಾವಣೆ ನಡೆಯುತ್ತಿರುವಾಗಲೇ ಕಚೇರಿಯ ಒಳಗಿನ ಕಥೆಯನ್ನು ಪುಸ್ತಕ ಮಾಡಿದರು. ಅದು ತಪ್ಪು ಅಂತ ಹೇಳೋಕೆ ನನಗೆ ಧೈರ್ಯ ಇಲ್ಲ. ಓದುಗನಾಗಿ ನನಗೂ ಅಂಥದ್ದೇ ರುಚಿ.

ಶಾರದಾ ಪ್ರಸಾದರ ಮೌನ ನನ್ನನ್ನು ಕಾಡೋದು ಬೇರೊಂದು ಕಾರಣಕ್ಕೆ. ಶಿವರಾಮ ಕಾರಂತರ ಆತ್ಮಕಥೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಇಂಗ್ಲಿಷಿಗೆ ಹೋದದ್ದು ಇವರ ಕೈಯಿಂದ. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ವಾಪಸ್ ಮಾಡಿದ ಕಾರಂತರು! ಆ ತುರ್ತು ಪರಿಸ್ಥಿತಿ ಹೇರಿದ ಪ್ರಧಾನಿಯ ಕಚೇರಿಯಲ್ಲಿ ಕೂತಿದ್ದವರು ಇವರು, ಅದೂ ಒಮ್ಮೆ ಜೈಲು ಕಂಡವರು. ಕಾರಂತರ ಬದುಕನ್ನು ಸಾಲುಸಾಲಾಗಿ ಅನುವಾದ ಮಾಡಿದರು, ತಮ್ಮದನ್ನು ಬರೆಯಲಿಲ್ಲ. ಗೌರವ ಅನಿಸುತ್ತೆ. ಆ ವರ್ಷಗಳ ಬಗ್ಗೆಯಾದರೂ ಬರೆಯಬೇಕಿತ್ತು ಅಂತಲೂ ಅನಿಸುತ್ತೆ. ದೇಶದ ವಿಷಯ ನಮ್ಮ ಬೋನಸ್ ಗಾಸಿಪ್ ಅಲ್ಲವಲ್ಲ.

ಕಳೆದ ತಿಂಗಳು ಸಾಹೇಬರ ಭಾಷಣ ಮುಗಿದ ಮೇಲೆ ಹೊಸದಾಗಿ ಸೇರಿರೋ ಹುಡುಗಿ ಹತ್ತಿರ ಬಂದು ಪಿಸುಗುಟ್ಟಿದಳು: "ಸರ್, ಆ ಕೊನೆ ಮಾತು ನಂದು."

"ಗೊತ್ತಮ್ಮ, ತಿದ್ದಿದ್ದು ನಾನೇ ಅಲ್ವಾ," ಅಂದೆ. ಅಂದ ಮೇಲೆ ಅತ್ತಿತ್ತ ನೋಡಿದೆ, ಯಾರಾದರೂ ಕೇಳಿಸಿಕೊಂಡರೇನೋ ಅಂತ.