ಕಣಜದ ಗೂಡಿನ ಸಾಧು ರಾಣಿ

ಈ ಬೇಸಿಗೆಯಲ್ಲಿ ನಮ್ಮ ಹಿತ್ತಲ ಬಾಗಿಲ ಸಜ್ಜೆಯ ಕೆಳಗೆ ಕಣಜಗಳು ಗೂಡು ಕಟ್ಟಿದಾಗ ಅಮ್ಮ ಹೊಗೆ ಹಾಕಲು ಸಿದ್ಧರಾಗಿದ್ದರು. ಅಂಗೈಯಷ್ಟು ಅಗಲದ, ಬೂದುಬಣ್ಣದ ಕಾಗದದಂಥ ಗೂಡು; ಅದರ ಮೇಲೆ ಹತ್ತಿಪ್ಪತ್ತು ಹುಳುಗಳು. ನಾನು ತಡೆದದ್ದು ಕರುಣೆಯಿಂದಲ್ಲ, ಕಣಜಗಳ ಬದುಕನ್ನು ಅಧ್ಯಯನ ಮಾಡಿದ ವಿಜ್ಞಾನಿ ರಾಘವೇಂದ್ರ ಗದಗ್ಕರ್ ಅವರ ಬರಹಗಳನ್ನು ಓದಿದ್ದರಿಂದ.

1953ರಲ್ಲಿ ಕಾನ್ಪುರದಲ್ಲಿ ಹುಟ್ಟಿದ ಗದಗ್ಕರ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಾಗ ಅಲ್ಲಿನ ಕಿಟಕಿಗಳಲ್ಲಿ ಇಂಥವೇ ಗೂಡುಗಳನ್ನು ಕಂಡರು. ಆದರೆ ಅವರು ಪಿಎಚ್‌ಡಿ ಮಾಡಿದ್ದು ಕಣಜಗಳ ಮೇಲಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಬ್ಯಾಕ್ಟೀರಿಯಾಗಳಿಗೆ ತಗಲುವ ಒಂದು ವೈರಸ್ಸಿನ ಆಣ್ವಿಕ ಜೀವಶಾಸ್ತ್ರದ ಮೇಲೆ. 1979ರಲ್ಲಿ ಆ ಪದವಿ ಮುಗಿಯುವವರೆಗೂ ಕಣಜ ನೋಡುವುದು ಬಿಡುವಿನ ಹವ್ಯಾಸವಾಗಿತ್ತು. ಆಗ ಎಲ್ಲರೂ ಬಯಸುತ್ತಿದ್ದ ಕ್ಷೇತ್ರವನ್ನು ಬಿಟ್ಟು ಹವ್ಯಾಸವನ್ನೇ ವೃತ್ತಿ ಮಾಡಿಕೊಂಡದ್ದು ಸಣ್ಣ ಧೈರ್ಯವಲ್ಲ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1983ರಲ್ಲಿ ಅದೇ ಸಂಸ್ಥೆಯಲ್ಲಿ ಕಟ್ಟಿದ ಪರಿಸರ ವಿಜ್ಞಾನ ಕೇಂದ್ರ ಈ ಕೆಲಸಕ್ಕೆ ನೆಲೆಯಾಯಿತು.

ಅವರು ಆರಿಸಿಕೊಂಡ ಕಣಜದ ಹೆಸರು ರೋಪಾಲಿಡಿಯಾ ಮಾರ್ಜಿನೇಟಾ. ಇದರಲ್ಲಿ ರಾಣಿಗೂ ಕೆಲಸಗಾರ್ತಿಗೂ ನೋಟದಲ್ಲಿ ವ್ಯತ್ಯಾಸವಿಲ್ಲ; ಆದ್ದರಿಂದ ಒಂದೊಂದರ ಬೆನ್ನ ಮೇಲೂ ಬೇರೆಬೇರೆ ಬಣ್ಣದ ಚುಕ್ಕೆ ಇಟ್ಟು, ಗಂಟೆಗಟ್ಟಲೆ ಗೂಡಿನ ಮುಂದೆ ಕುಳಿತು, ಯಾವುದು ಏನು ಮಾಡಿತೆಂದು ಬರೆದುಕೊಳ್ಳುವುದೇ ವಿಧಾನ. ಎನ್. ವಿ. ಜೋಶಿ ಅವರೊಡನೆ 1983ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಆ ಟಿಪ್ಪಣಿಗಳೆಲ್ಲ ಲೆಕ್ಕವಾಗಿ, ಗೂಡಿನ ಹೆಣ್ಣುಗಳು ಮೂರು ಬಗೆಯಾಗಿ ಬೇರ್ಪಟ್ಟವು: ಸುಮ್ಮನೆ ಕೂರುವವು, ಜಗಳವಾಡುವವು, ಆಹಾರ ತರಲು ಹೊರಗೆ ಅಲೆಯುವವು. ರಾಣಿ ಜಗಳಗಂಟಿಯರಲ್ಲಿ ಇರಬೇಕೆಂದು ಯಾರಾದರೂ ಊಹಿಸಿಯಾರು, ಏಕೆಂದರೆ ಹತ್ತಿರದ ಬಂಧುವಾದ ಸಯಾತಿಫಾರ್ಮಿಸ್ ಎಂಬ ಕಣಜದಲ್ಲಿ ಅದು ಹಾಗೆಯೇ ಇದೆ. ಇಲ್ಲಿ ಮಾತ್ರ ರಾಣಿ ಕೂರುವವರ ಗುಂಪಿನವಳು.

ಈ ಸಾಧು ರಾಣಿಯನ್ನು ಗೂಡಿನಿಂದ ತೆಗೆದರೆ ಏನಾಗುತ್ತದೆ ಎಂಬ ಭಾಗ ನನಗೆ ಅತ್ಯಂತ ಇಷ್ಟ. ಕೆಲವೇ ನಿಮಿಷಗಳಲ್ಲಿ ಕೆಲಸಗಾರ್ತಿಯರಲ್ಲಿ ಒಬ್ಬಳು, ಒಬ್ಬಳೇ ಒಬ್ಬಳು, ಎಲ್ಲರ ಮೇಲೂ ವಿಪರೀತ ಹರಿಹಾಯತೊಡಗುತ್ತಾಳೆ. ರಾಣಿಯನ್ನು ಮರಳಿಸದಿದ್ದರೆ ಕೆಲವು ದಿನಗಳಲ್ಲಿ ಆ ರೋಷ ಇಳಿದು, ಸುಮಾರು ಒಂದು ವಾರದಲ್ಲಿ ಅವಳೇ ಮೊಟ್ಟೆ ಇಡುವ ಹೊಸ ರಾಣಿಯಾಗುತ್ತಾಳೆ. ಅವಳು ಯಾರೆಂದು ನೋಡುವವರಿಗೆ ಮುಂಚಿತವಾಗಿ ಹೇಳಲು ಬಾರದು. ದೇಹದ ಗಾತ್ರವಾಗಲಿ, ಹಿಂದಿನ ಜಗಳದ ದಾಖಲೆಯಾಗಲಿ ಸುಳಿವು ಕೊಡುವುದಿಲ್ಲ. ಹಾಗಾದರೆ ಕಣಜಗಳಿಗಾದರೂ ಗೊತ್ತೇ? ಅನಿಂದಿತಾ ಭದ್ರ ಮತ್ತು ಗದಗ್ಕರ್ ಒಂದೇ ಗೂಡನ್ನು ಜಾಲರಿಯಿಂದ ಎರಡು ಪಾಲು ಮಾಡಿ, ರಾಣಿಯನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಇಟ್ಟು ಪರೀಕ್ಷಿಸಿ, ಗೊತ್ತಿದೆ ಎಂದು 2008ರಲ್ಲಿ ತೋರಿಸಿದರು. ಅಲೋಕ್ ಬಾಂಗ್ ಅವರೊಡನೆ 2012ರಲ್ಲಿ ಬಂದ ಕೆಲಸದಲ್ಲಿ ಉತ್ತರಾಧಿಕಾರಿಗಳನ್ನೂ ಒಬ್ಬೊಬ್ಬರನ್ನಾಗಿ ತೆಗೆಯುತ್ತ ಹೋದರೆ, ಬಹಿರಂಗ ಕಾದಾಟವೇ ಇಲ್ಲದೆ ಸಾಲಿನ ಮುಂದಿನವಳು ಮೇಲೆದ್ದಳು. ನಮ್ಮ ಗೃಹನಿರ್ಮಾಣ ಸಂಘದ ಅಧ್ಯಕ್ಷರ ಚುನಾವಣೆ ಕಂಡವರಿಗೆ ಇದು ನಂಬಲಸಾಧ್ಯ.

ಇಷ್ಟಕ್ಕೂ ಸ್ವತಃ ಮೊಟ್ಟೆ ಇಡಬಲ್ಲ ಹೆಣ್ಣು ಬೇರೊಬ್ಬಳ ಮಕ್ಕಳನ್ನು ಸಾಕುವುದೇಕೆ? ಅಕ್ಕತಂಗಿಯರ ನಡುವಿನ ಹೆಚ್ಚಿನ ರಕ್ತಸಂಬಂಧವೇ ಕಾರಣವೆಂಬ ವಾದ ಇಲ್ಲಿ ಸೊರಗುತ್ತದೆ, ಏಕೆಂದರೆ ಈ ಕಣಜದ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುವುದುಂಟು, ರಾಣಿಯರೂ ಬದಲಾಗುತ್ತಿರುತ್ತಾರೆ; ಹಾಗಾಗಿ ಗೂಡಿನವರೆಲ್ಲ ಒಂದೇ ತಂದೆತಾಯಿಯ ಮಕ್ಕಳಾಗಿರುವುದಿಲ್ಲ. ಗದಗ್ಕರ್ 1990ರಲ್ಲಿ ಮುಂದಿಟ್ಟ ವಿವರಣೆ ಆಯುಸ್ಸಿನ ಲೆಕ್ಕ: ಮೊಟ್ಟೆ ಬೆಳೆದು ಕಣಜವಾಗಲು ಸುಮಾರು ಎರಡು ತಿಂಗಳು ಬೇಕು, ದೊಡ್ಡ ಹೆಣ್ಣು ಬದುಕುವುದು ಸರಾಸರಿ ಒಂದು ತಿಂಗಳಿನ ಆಸುಪಾಸು. ಒಂಟಿಯಾಗಿ ಗೂಡು ಕಟ್ಟಿದವಳು ನಡುವೆ ಸತ್ತರೆ ಎಲ್ಲವೂ ವ್ಯರ್ಥ. ಗುಂಪಿನಲ್ಲಿದ್ದು ಸತ್ತರೆ ಅವಳು ಅರ್ಧ ಸಾಕಿದ ಮರಿಗಳನ್ನು ಉಳಿದವರು ಮುಂದುವರಿಸುತ್ತಾರೆ. ಇಂಥ ಸರಳ ವಾದವೇ ನನಗೆ ಹೆಚ್ಚು ಒಪ್ಪಿಗೆ.

ಈ ಗೂಡುಗಳಿಗೆ ದೊಡ್ಡ ಶತ್ರು ವೆಸ್ಪಾ ಟ್ರಾಪಿಕಾ ಎಂಬ ದಢೂತಿ ಕಡಜ. ಸಂಸ್ಥೆಯಲ್ಲಿ ಕಣಜಗಳಿಗೆಂದೇ ಕಟ್ಟಿದ ಮನೆಯ ಜಾಲರಿಯ ಕಣ್ಣುಗಳಲ್ಲಿ ಸಣ್ಣ ಕಣಜ ನುಸುಳಬಹುದು, ಈ ಕಡಜ ನುಸುಳಲಾರದು. ನಮ್ಮ ಸಜ್ಜೆಗೆ ಅಂಥ ಜಾಲರಿ ಇರಲಿಲ್ಲ. ಒಂದು ಮಧ್ಯಾಹ್ನ ಅಮ್ಮ ಕೂಗಿ ಕರೆದಾಗ ಹೋಗಿ ನೋಡಿದರೆ, ಅಂಥದೊಂದು ಕಡಜ ಗೂಡಿನ ಕೋಣೆಗಳಿಂದ ಮರಿಗಳನ್ನು ಒಂದೊಂದಾಗಿ ಎಳೆಯುತ್ತಿತ್ತು. ನಮ್ಮ ಕಣಜಗಳು ಎದುರಿಸದೆ ಗೋಡೆಗೆ ಸರಿದು ಕುಳಿತಿದ್ದವು. ಅಟ್ಟಿಸಲೇ ಎಂದು ಅಮ್ಮ ಕೇಳಿದರು, ಕೈಯಲ್ಲಿ ಪೊರಕೆ. ಮಾರನೆಯ ದಿನವೂ ಏಳೆಂಟು ಹುಳುಗಳು ಅಲ್ಲೇ ಇದ್ದವು. ಅವುಗಳಲ್ಲಿ ರಾಣಿ ಯಾವುದೆಂದು ನನಗೆ ಕೊನೆಗೂ ತಿಳಿಯಲಿಲ್ಲ. ಬಣ್ಣದ ಚುಕ್ಕೆ ಇಡುವ ಧೈರ್ಯ ನಾನು ಮಾಡಿರಲಿಲ್ಲ.